ರೋಬೋಟ್ ಬಳ್ಳಿ ಥರ ಬೆಳೆಯುತ್ತದೆ ಅಂತಾರಲ್ಲ, ಅದು ನಿಜವಾಗಿ ಬೆಳೆಯುತ್ತಾ?

ಓದುಗರ ಪ್ರಶ್ನೆ: ಗಾಳಿ ತುಂಬಿದ ಪ್ಲಾಸ್ಟಿಕ್ ಕೊಳವೆಯೊಂದು ಬಳ್ಳಿಯ ಹಾಗೆ ಉದ್ದವಾಗುತ್ತಾ ಸಂದಿಗೊಂದಿಯಲ್ಲಿ ನುಗ್ಗುವ ವಿಡಿಯೊ ನೋಡಿದೆ. ಅದನ್ನು ‘ಬೆಳೆಯುವ ರೋಬೋಟ್’ ಅಂತಾರೆ. ಊದಿದರೆ ಬಲೂನೂ ದೊಡ್ಡದಾಗುತ್ತದೆ ಅಲ್ವಾ? ಇದಕ್ಕೆ ಮಾತ್ರ ಬೆಳವಣಿಗೆ ಅನ್ನೋ ಹೆಸರು ಯಾಕೆ?

ಉತ್ತರ: ಬಲೂನು ಊದಿದಾಗ ಅದರ ಮೈಯೆಲ್ಲ ಹಿಗ್ಗುತ್ತದೆ. ಈ ರೋಬೋಟ್‌ನಲ್ಲಿ ಮುಂದಕ್ಕೆ ಹೋಗುವುದು ತುದಿ ಮಾತ್ರ. ಹಿಂದಿನ ಮೈ ಎಲ್ಲಿ ಬಿತ್ತೋ ಅಲ್ಲೇ ಇರುತ್ತದೆ. ಹೆಸರು ಬಂದಿರುವುದು ಈ ಗುಣದಿಂದಲೇ.

ಮಾತಿಗಿಂತ ಕೈಯಲ್ಲಿ ಮಾಡಿ ನೋಡಿದರೆ ಬೇಗ ತಿಳಿಯುತ್ತದೆ. ಹೊಸ ಛತ್ರಿಯ ಜೊತೆ ಉದ್ದನೆಯ ಪ್ಲಾಸ್ಟಿಕ್ ಕವರ್ ಬರುತ್ತದಲ್ಲ, ಅಂಥದ್ದೊಂದು ತೆಗೆದುಕೊಳ್ಳಿ. ಮುಚ್ಚಿದ ತುದಿಯನ್ನು ಒಂದು ಕೋಲಿನಿಂದ ಒಳಕ್ಕೆ ತಳ್ಳಿ, ಬಾಯಿಯವರೆಗೂ ತನ್ನಿ. ಈಗ ಅರ್ಧ ಪಾಲು ಕವರ್ ತನ್ನೊಳಗೇ ಮಡಚಿಕೊಂಡಿರುತ್ತದೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ನಾಲ್ಕು ಅಡ್ಡ ಗೆರೆ ಎಳೆಯಿರಿ. ಕವರನ್ನು ಗೆರೆಗಳ ಪಕ್ಕ ಮಲಗಿಸಿ, ಬಾಯನ್ನು ತುಟಿಗೆ ಒತ್ತಿ ಹಿಡಿದು ಮೆಲ್ಲಗೆ ಊದಿ. ಒಳಗಿದ್ದ ಪ್ಲಾಸ್ಟಿಕ್ ತುದಿಯಲ್ಲಿ ಮಗುಚಿಕೊಂಡು ಹೊರಗೆ ಬರುತ್ತದೆ, ಕವರ್ ಮುಂದೆ ಮುಂದೆ ಸಾಗಿ ಗೆರೆಗಳ ಮೇಲೆ ಹಾಯುತ್ತದೆ. ಆಮೇಲೆ ಕವರನ್ನು ನೇರವಾಗಿ ಮೇಲೆತ್ತಿ ನೋಡಿ. ಗೆರೆ ಒಂದಿಷ್ಟು ಚಪ್ಪಟೆಯಾಗಿರಬಹುದು, ಆದರೆ ಎಳೆದಾಡಿರುವುದಿಲ್ಲ. ಅದೇ ಕವರನ್ನು ಆ ಗೆರೆಗಳ ಮೇಲೆ ತಳ್ಳಿಕೊಂಡು ಹೋಗಿ, ಪುಡಿಯೆಲ್ಲ ಬಳಿದುಕೊಂಡು ಹೋಗುತ್ತದೆ. ನಾನು ಮೊದಲ ಸಲ ಮಾಡಿದಾಗ ಆ ಅಳಿಸದ ಗೆರೆಗಳನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಇಡೀ ವಿದ್ಯೆ ಅಲ್ಲೇ ಇದೆ.

ಈಗ ಚಪ್ಪರದ ಮೇಲಿನ ಹಾಗಲ ಬಳ್ಳಿ ನೆನಪಿಸಿಕೊಳ್ಳಿ. ಹಬ್ಬುವುದು ಅದರ ಕುಡಿ. ನಿನ್ನೆ ಹಬ್ಬಿದ ಕಾಂಡ ಇವತ್ತು ಕಂಬದ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಬೇರೂ ಹಾಗೇ. ತುದಿಯ ಹಿಂದಿನ ಕೆಲವೇ ಮಿಲಿಮೀಟರ್ ಜಾಗದಲ್ಲಿ ಬೇರು ಉದ್ದವಾಗುತ್ತದೆ, ಉಳಿದ ಭಾಗ ಮಣ್ಣನ್ನು ಕಚ್ಚಿ ನಿಂತಿರುತ್ತದೆ. ಇಡೀ ಬೇರನ್ನು ಮೇಲಿನಿಂದ ಮಣ್ಣಿಗೆ ತಳ್ಳಬೇಕಾಗಿದ್ದರೆ ಯಾವ ಗಿಡಕ್ಕೂ ಆಗುತ್ತಿರಲಿಲ್ಲ. ಮೈ ಉಜ್ಜುವುದಿಲ್ಲ, ಹಾಗಾಗಿ ತಡೆಯೂ ಕಡಿಮೆ. ಇನ್ನೊಂದು ಹೋಲಿಕೆ ನನಗೆ ಬಹಳ ಇಷ್ಟ. ಗಿಡ ತುದಿಗೆ ಬೇಕಾದ ನೀರು, ಸಕ್ಕರೆಯನ್ನು ತನ್ನ ಮೈಯೊಳಗಿನಿಂದಲೇ ಸಾಗಿಸುತ್ತದೆ. ಈ ರೋಬೋಟೂ ಮುಂದಿನ ಮೈಗೆ ಬೇಕಾದ ಪ್ಲಾಸ್ಟಿಕ್ಕನ್ನು ತನ್ನ ಹೊಟ್ಟೆಯೊಳಗಿನಿಂದಲೇ ತುದಿಗೆ ಕಳಿಸುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಯಟ್ ಹಾಕ್ಸ್, ಆಲಿಸನ್ ಒಕಮುರ ಮತ್ತು ಜೊತೆಗಾರರು ಮಾಡಿದ ಇಂಥ ರೋಬೋಟ್‌ನ ವಿವರ 2017ರಲ್ಲಿ ಪ್ರಕಟವಾಯಿತು. ಮೈ ತೆಳುವಾದ ಪಾಲಿಥಿನ್ ಕೊಳವೆ, ಬುಡದಲ್ಲಿ ಗಾಳಿಯ ಪಂಪು. ಅಷ್ಟರಲ್ಲೇ ಅದು 72 ಮೀಟರ್ ಉದ್ದ ಬೆಳೆಯಿತು. ಒಂದು ಪ್ರಯೋಗದಲ್ಲಿ ವೇಗ ಸೆಕೆಂಡಿಗೆ 10 ಮೀಟರ್ ಮುಟ್ಟಿತು, ಊರೊಳಗೆ ಸ್ಕೂಟರ್ ಓಡುವಷ್ಟು. ತನ್ನ ದಪ್ಪದ ಹತ್ತರಲ್ಲಿ ಒಂದು ಪಾಲಿನಷ್ಟಿದ್ದ ಸಂದಿಯಲ್ಲೂ ನುಗ್ಗಿತು. 100 ಕೆ.ಜಿ. ಪೆಟ್ಟಿಗೆಯ ಅಡಿಗೆ ಹೋಗಿ, ಗಾಳಿ ತುಂಬಿಕೊಂಡು ಅದನ್ನು ಎತ್ತಿತು.

ಅದನ್ನು ಮೊಳೆಗಳ ಮೇಲೂ ಅಂಟಿನ ಮೇಲೂ ಬೆಳೆಸಿ ನೋಡಿದರು. ಮೊಳೆಯ ಪರೀಕ್ಷೆಯನ್ನು ಬಿಡಿಸಿ ಹೇಳಲೇಬೇಕು. ಗಾಳಿಯ ಕೊಳವೆಗೆ ಮೊಳೆ ಚುಚ್ಚಿದರೆ ಕತೆ ಮುಗಿಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಮೊಳೆ ಚುಚ್ಚಿತು, ತೂತೂ ಆಯಿತು. ಆದರೆ ಚುಚ್ಚಿಸಿಕೊಂಡ ಜಾಗ ಮುಂದೆ ಜರುಗಲಿಲ್ಲ, ಮೊಳೆ ತೂತಿನಲ್ಲೇ ಬಿರಡೆಯ ಹಾಗೆ ಕೂತಿತು. ತುದಿ ಬೆಳೆಯುತ್ತಾ ಹೋಯಿತು. ಅಂಟಿನ ಮೇಲೂ ಹೀಗೇ. ಅಂಟಿದ ಜಾಗ ಅಂಟಿಕೊಂಡೇ ಇರಲಿ, ಅದನ್ನು ಯಾರೂ ಎಳೆಯುವುದಿಲ್ಲವಲ್ಲ!

ಕಷ್ಟಗಳೂ ಇವೆ. ತುದಿ 1 ಮೀಟರ್ ಮುಂದೆ ಹೋಗಬೇಕಾದರೆ ಒಳಗಿನ ಪದರ 2 ಮೀಟರ್ ಓಡಬೇಕು, ಛತ್ರಿ ಕವರಿನಲ್ಲೇ ಅಳೆದು ನೋಡಬಹುದು. ಹೊರಗೆ ಉಜ್ಜಾಟ ಇಲ್ಲ ನಿಜ, ಒಳಗೆ ಇದೆ. ದಾರಿಯಲ್ಲಿ ತಿರುವುಗಳು ಜಾಸ್ತಿಯಾದಷ್ಟೂ ಒಳಪದರ ಗೋಡೆಗೆ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಇನ್ನು ತುದಿಗೆ ಕ್ಯಾಮೆರಾ ಕಟ್ಟೋಣ ಅಂದರೆ, ಅಲ್ಲಿರುವ ಪ್ಲಾಸ್ಟಿಕ್ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಈಗ ತುದಿಯಲ್ಲಿದ್ದದ್ದು ಮರುಕ್ಷಣ ಪಕ್ಕದ ಗೋಡೆ. ಅದಕ್ಕೇ ಕ್ಯಾಮೆರಾಕ್ಕೆ ಕೊಳವೆಯ ನಡುವಿನಿಂದ ಕೇಬಲ್ ಬಿಟ್ಟು, ಅದನ್ನು ತುದಿಯಲ್ಲೇ ನಿಲ್ಲಿಸಿಕೊಳ್ಳುವ ಉಪಾಯ ಮಾಡಿದರು. ತಿರುಗಿಸುವುದಕ್ಕೆ ಮೈಯುದ್ದಕ್ಕೂ ಪಕ್ಕದಲ್ಲಿ ಸಣ್ಣ ಗಾಳಿಚೀಲಗಳಿರುತ್ತವೆ. ಒಂದು ಪಕ್ಕ ಉದ್ದವಾದರೂ ಗಿಡ್ಡವಾದರೂ ಮೈ ಬಾಗುತ್ತದೆ. ವಾಪಸ್ ಎಳೆದುಕೊಳ್ಳುವುದು ಇವೆಲ್ಲಕ್ಕಿಂತ ತಲೆನೋವು. ಒಳಪದರವನ್ನು ಬುಡದಿಂದ ಎಳೆದರೆ ತುದಿ ಮಡಚುವ ಬದಲು ಇಡೀ ಮೈ ಸೊಟ್ಟಗಾಗಿ ಮುದುರಿಕೊಳ್ಳುತ್ತದೆ. ತುದಿಯಲ್ಲೇ ಕೂತು ಎಳೆಯುವ ಪುಟ್ಟ ಸಾಧನ ಮಾಡಿದ ಮೇಲೆ ಇದು ಹಿಡಿತಕ್ಕೆ ಬಂತು.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಬೇರೆ ಯಾವುದೂ ಹೋಗಲಾಗದ ಜಾಗಕ್ಕೆ ಇದು ಹೋಗುತ್ತದೆ. ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ ಚವಿನ್ ಡೆ ವಾಂಟರ್ ಎಂಬ ಪುರಾತನ ದೇಗುಲದ ಅವಶೇಷಗಳಿವೆ. ಅದರಡಿಯ ಇಕ್ಕಟ್ಟಾದ ಸುರಂಗಗಳಿಗೆ ಮನುಷ್ಯರು ಇಳಿಯಲಾಗದು. ಸ್ಟ್ಯಾನ್‌ಫರ್ಡ್ ತಂಡ ಅಲ್ಲಿಗೆ ಬಳ್ಳಿ ರೋಬೋಟ್ ಕಳಿಸಿ ಒಳಗಿನ ದೃಶ್ಯ ತಂದಿತು. ಸಾವಿರಾರು ವರ್ಷ ಅಲುಗದೆ ಬಿದ್ದಿರುವ ಜಾಗದಲ್ಲಿ, ರಂಗೋಲಿ ಗೆರೆ ಅಳಿಸದ ಯಂತ್ರಕ್ಕಿಂತ ಒಳ್ಳೆಯದು ಯಾವುದಿದೆ?

ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್‌ನಲ್ಲಿ ವಸತಿ ಕಟ್ಟಡ ಕುಸಿದು 98 ಜನ ಸತ್ತರು. ಇಂಥ ಕಡೆ ಅವಶೇಷದೊಳಗೆ ಟೊಳ್ಳು ಎಲ್ಲಿದೆ, ಯಾವ ದಾರಿಯಲ್ಲಿ ಒಳಗೆ ಹೋಗಬಹುದು ಅನ್ನುವುದೇ ಮೊದಲ ಪ್ರಶ್ನೆ. ಎಂಐಟಿಯ ಲಿಂಕನ್ ಲ್ಯಾಬೊರೇಟರಿ ಮತ್ತು ನಾಟರ್ ಡೇಮ್ ವಿಶ್ವವಿದ್ಯಾಲಯ ಸೇರಿ ಆ ಕೆಲಸಕ್ಕೆಂದೇ ‘ಸ್ಪ್ರೌಟ್’ ಎಂಬ ಬಳ್ಳಿ ರೋಬೋಟ್ ಮಾಡಿ, ರಕ್ಷಣಾ ತಂಡದವರ ಜೊತೆ ಪರೀಕ್ಷಿಸಿವೆ. ಸ್ಪ್ರೌಟ್ ಅಂದರೆ ಮೊಳಕೆ. ಈ ಒಂದು ಬಳಕೆ ಗಟ್ಟಿಯಾಗಿ ನಿಂತರೆ ಸಾಕು, ಉಳಿದವು ಆಮೇಲಾದರೂ ಆಗಲಿ ಅನ್ನಿಸುತ್ತದೆ ನನಗೆ.

ನಿಮ್ಮ ಪ್ರಶ್ನೆಯ ಕೊಂಚ ಭಾಗ ಉಳಿದಿದೆ. ಬಳ್ಳಿ ರೋಬೋಟ್ ಹೊಸ ಮೈ ಕಟ್ಟುವುದಿಲ್ಲ, ಇದ್ದದ್ದನ್ನೇ ಬಿಚ್ಚುತ್ತದೆ. ಅಕ್ಷರಶಃ ಮೈ ಕಟ್ಟಿಕೊಳ್ಳುವ ರೋಬೋಟೂ ಇದೆ. ಇಟಲಿಯಲ್ಲಿ ಬಾರ್ಬರಾ ಮಜ್ಜೋಲಾಯ್ ಅವರ ತಂಡ ಬೇರು, ಬಳ್ಳಿಗಳನ್ನು ವರ್ಷಗಟ್ಟಲೆ ಗಮನಿಸಿ ಮಾಡಿದ ‘ಫಿಲೋಬಾಟ್’ನ ವಿವರ 2024ರಲ್ಲಿ ಪ್ರಕಟವಾಯಿತು. ಅದರ ತುದಿಯಲ್ಲಿ ಪುಟ್ಟ ತ್ರೀಡಿ ಪ್ರಿಂಟರ್ ಇದೆ. ಬುಡದಿಂದ ಬಂದ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಚಕ್ಕುಲಿಯಂತೆ ಸುತ್ತು ಸುತ್ತಾಗಿ ಹಚ್ಚುತ್ತಾ ತನ್ನ ಕಾಂಡವನ್ನು ತಾನೇ ಕಟ್ಟುತ್ತದೆ. ಬೆಳಕು ಎತ್ತ, ಭೂಮಿ ಎತ್ತ ಎಂದು ಸೆನ್ಸರ್‌ಗಳಿಂದ ತಿಳಿದು ಬಾಗುತ್ತದೆ. ಒಂದು ಪಕ್ಕಕ್ಕೆ ಪ್ಲಾಸ್ಟಿಕ್ ಜಾಸ್ತಿ ಹಚ್ಚಿದರೆ ಇನ್ನೊಂದು ಪಕ್ಕಕ್ಕೆ ಬಾಗಿತು, ಅಷ್ಟೇ. ಇದಕ್ಕೆ ಸ್ಕೂಟರ್ ವೇಗ ಇಲ್ಲ, ನಿಮಿಷಕ್ಕೆ ಕೆಲವೇ ಮಿಲಿಮೀಟರ್. ಹಚ್ಚಿದ ಸುತ್ತು ಆರಿ ಗಟ್ಟಿಯಾದ ಮೇಲೆ ಹಿಂದಕ್ಕೆ ಎಳೆದುಕೊಳ್ಳುವ ಮಾತೂ ಇಲ್ಲ, ಚಪ್ಪರ ಹತ್ತಿದ ಹಾಗಲ ಬಳ್ಳಿಯ ಹಾಗೇ.