16 ಬಾರ್‌ಗಳ ಪಕ್ಕವಾದ್ಯ

ಮ್ಯೂಸಿಕಲ್ ಥಿಯೇಟರ್‌ನ ಆಡಿಷನ್‌ಗಳಲ್ಲಿ ಇಡೀ ಹಾಡನ್ನು ಹಾಡುವ ಅವಕಾಶ ಸಿಗುವುದು ಅಪರೂಪ. 16 ಅಥವಾ 32 ಬಾರ್‌ಗಳಷ್ಟು ಭಾಗವನ್ನು ಆರಿಸಿಕೊಂಡು ಬರಬೇಕೆಂದು ಸಾಮಾನ್ಯವಾಗಿ ಮೊದಲೇ ತಿಳಿಸಿರುತ್ತಾರೆ. ಬಾರ್ ಎಂದರೆ ತಾಳದ ಒಂದು ಸುತ್ತು. ಒಂದು ಬಾರ್‌ಗೆ ನಾಲ್ಕು ಎಣಿಕೆ, ನಿಮಿಷಕ್ಕೆ 120 ಎಣಿಕೆಯ ವೇಗ ಎಂದಿಟ್ಟುಕೊಂಡರೆ 16 ಬಾರ್‌ಗಳು 32 ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಅಷ್ಟು ಹೊತ್ತು ಜೊತೆಗಿರಬೇಕಾದ ನನ್ನಂಥ ಪಿಯಾನೊ ವಾದಕರು ಬಹುತೇಕ ಆ ಗಾಯಕರನ್ನು ಮೊದಲ ಬಾರಿಗೆ ನೋಡುತ್ತಿರುತ್ತಾರೆ. ಕೆಲವೊಮ್ಮೆ ಹಾಡನ್ನೂ ಕೇಳಿರುವುದಿಲ್ಲ. ಹಾಗಾಗಿ ಪಿಯಾನೊ ಪಕ್ಕದಲ್ಲಿ ನಡೆಯುವ ಕೆಲವೇ ಕ್ಷಣಗಳ ಮಾತುಕತೆಯೇ ನಮ್ಮಿಬ್ಬರ ಪೂರ್ವಾಭ್ಯಾಸ.

ಆ ಮಾತುಕತೆಯಲ್ಲಿ ನನಗೆ ಮುಖ್ಯವಾಗಿ ಬೇಕಾದದ್ದು ವೇಗ. ಹಲವರು ಚಿಟಿಕೆ ಹೊಡೆದು ತೋರಿಸುತ್ತಾರೆ, ಆದರೆ ಆತಂಕದಲ್ಲಿರುವವರ ಚಿಟಿಕೆ ಅವರ ಹಾಡಿಗಿಂತ ಮುಂದೆ ಓಡುತ್ತದೆ. ಅದರ ಬದಲು ಒಂದು ಸಾಲನ್ನು, ಅದರಲ್ಲೂ ಪದಗಳು ಒತ್ತೊತ್ತಾಗಿರುವ ಸಾಲನ್ನು, ಮೆಲುದನಿಯಲ್ಲಿ ಹಾಡಿ ತೋರಿಸಿದರೆ ವೇಗದ ಜೊತೆಗೆ ಅವರು ಎಲ್ಲಿ ಉಸಿರೆಳೆಯುತ್ತಾರೆ, ಯಾವ ಪದದ ಮೇಲೆ ನಿಲ್ಲುತ್ತಾರೆ, ಲಯವನ್ನು ನೇರವಾಗಿ ಹಿಡಿಯುತ್ತಾರೋ ತೂಗಿಸುತ್ತಾರೋ ಎಂಬುದೂ ತಿಳಿಯುತ್ತದೆ. ಇದಾದ ಮೇಲೆ ಎತ್ತುಗಡೆಯ ವಿಷಯ: ಎರಡು ಬಾರ್ ಮುನ್ನುಡಿ ಬೇಕೇ, ಅಥವಾ ಒಂದೇ ಸ್ವರ ಕೊಟ್ಟರೆ ಸಾಕೇ ಎಂದು ಹೇಳಿದರೆ ಆಯಿತು.

ಉಳಿದದ್ದನ್ನೆಲ್ಲ ಗಾಯಕರು ತರುವ ಸ್ವರಲಿಪಿಯ ಹಾಳೆಯೇ ಹೇಳಬೇಕು, ಆದರೆ ಹಾಳೆಗಳೇ ಹೆಚ್ಚಾಗಿ ಕೈಕೊಡುತ್ತವೆ. ಜೆರಾಕ್ಸ್‌ನಲ್ಲಿ ಪುಟದ ಕೆಳಗಿನ ಸಾಲು ಕತ್ತರಿಸಿಹೋದರೆ ಎಡಗೈಯ ಭಾಗವೇ ಇಲ್ಲವಾಗುತ್ತದೆ. ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ದೀಪ ಬಿದ್ದರೆ ಅರ್ಧ ಪುಟ ಕಾಣುವುದಿಲ್ಲ. ಬರೆದದ್ದಕ್ಕಿಂತ ಒಂದು ಸ್ವರ ಕೆಳಗಿನ ಶ್ರುತಿಯಲ್ಲಿ ನುಡಿಸಿ ಎಂದು ಸ್ಥಳದಲ್ಲೇ ಕೇಳುವವರೂ ಇದ್ದಾರೆ. ನುಡಿಸಬಹುದು, ಆದರೆ ಆಗ ಗಮನವೆಲ್ಲ ಲೆಕ್ಕಾಚಾರಕ್ಕೆ ಹೋಗಿ ಗಾಯಕರ ಕಡೆ ಕಿವಿ ಕೊಡುವುದು ಕಷ್ಟವಾಗುತ್ತದೆ. ತಮ್ಮ ಶ್ರುತಿಯಲ್ಲೇ ಅಚ್ಚಾದ, ಆರಂಭ ಮತ್ತು ಅಂತ್ಯವನ್ನು ದಪ್ಪಗೆ ಗುರುತು ಹಾಕಿದ ಹಾಳೆ ತರುವುದು ಗಾಯಕರಿಗೇ ಲಾಭ.

ಇನ್ನು ನುಡಿಸುವವರ ಪಾಲು. ಮೊದಲ ನೋಟಕ್ಕೇ ನುಡಿಸಬೇಕಾದ ಹಾಳೆಯಲ್ಲಿ ಸ್ವರಗಳು ಕಿಕ್ಕಿರಿದಿದ್ದರೆ ಎಲ್ಲವನ್ನೂ ನುಡಿಸುವ ಹಟ ಬೇಡ. ಎಡಗೈಯ ಮಂದ್ರ ಸ್ವರ, ಬಲಗೈಯಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ಕದಲದ ಲಯ, ಇವಿಷ್ಟಿದ್ದರೆ ಹಾಡಿಗೆ ಆಧಾರ ಸಿಗುತ್ತದೆ. ಹಾಡಿನ ಮಟ್ಟನ್ನು ಗಾಯಕರ ಜೊತೆಜೊತೆಗೇ ನುಡಿಸುವುದು ಸಾಮಾನ್ಯವಾಗಿ ಅವರ ಸ್ವಾತಂತ್ರ್ಯಕ್ಕೆ ಅಡ್ಡಿ. ಶ್ರುತಿ ಜಾರಿದಾಗ ಮಾತ್ರ ಒಂದೆರಡು ಸ್ವರಗಳನ್ನು ಮುಟ್ಟಿ ದಾರಿ ತೋರಿಸಿ ಹಿಂದೆ ಸರಿಯಬೇಕು. ನನ್ನ ಕಣ್ಣು ಸ್ವರಗಳಿಗಿಂತ ಸಾಹಿತ್ಯದ ಸಾಲಿನ ಮೇಲೆಯೇ ಹೆಚ್ಚು ಇರುತ್ತದೆ, ಏಕೆಂದರೆ ಗಾಯಕರು ಗಾಬರಿಯಲ್ಲಿ ಎರಡು ಬಾರ್ ಹಾರಿದಾಗ ಅವರು ಎಲ್ಲಿದ್ದಾರೆಂದು ತಿಳಿಸುವುದು ಅವರ ಬಾಯಿಂದ ಬಂದ ಪದ. ಆ ಪದದ ಕೆಳಗಿರುವ ಕಾರ್ಡ್‌ಗೆ ಎಡಗೈ ತಕ್ಷಣ ಹಾರಬೇಕು. ಯಾರು ಸರಿ ಎಂಬ ಚರ್ಚೆಗೆ ಅಲ್ಲಿ ಸಮಯವಿಲ್ಲ.

ವೇಗ ತಪ್ಪಾಗಿ ಶುರುವಾದರೆ ಕೆಲವರು ನೆಲಕ್ಕೆ ಕಾಲು ಬಡಿಯುತ್ತ ಪಿಯಾನೊ ಕಡೆ ದುರುಗುಟ್ಟುತ್ತಾರೆ. ಆಯ್ಕೆಗಾರರಿಗೆ ಮೊದಲು ಕಾಣುವುದು ಅದೇ. ತಮಗೆ ಬೇಕಾದ ವೇಗದಲ್ಲಿ ಗಟ್ಟಿಯಾಗಿ ಹಾಡುತ್ತ ಹೋದರೆ ಒಂದೆರಡು ಬಾರ್‌ಗಳೊಳಗೆ ನಾವೇ ಬಂದು ಸೇರಿಕೊಳ್ಳುತ್ತೇವೆ.