ಸೇನೆಯಲ್ಲಿ ಬಡ್ತಿ: ಎಲ್ಲಿ ವರ್ಷದ ಲೆಕ್ಕ, ಎಲ್ಲಿ ಆಯ್ಕೆ

ಸೇನಾಧಿಕಾರಿಯಾಗಲು ಬರೆಯುವ ಸಿಡಿಎಸ್, ಎನ್‌ಡಿಎ ಪರೀಕ್ಷೆಗೆ ಓದುವವರು ರ‍್ಯಾಂಕ್‌ಗಳನ್ನು ಬಾಯಿಪಾಠ ಮಾಡಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಅಂತ ಕೇಳಿದರೆ ಮಾತ್ರ ತಡವರಿಸುತ್ತಾರೆ. ಶೌರ್ಯ ತೋರಿದರೆ ಬಡ್ತಿ ಅನ್ನುವವರೇ ಜಾಸ್ತಿ. ಶೌರ್ಯಕ್ಕೆ ಸಿಗುವುದು ಪದಕ. ಬಡ್ತಿಯ ದಾರಿಯೇ ಬೇರೆ. ಇಲ್ಲಿ ಭಾರತದ ಭೂಸೇನೆಯನ್ನಷ್ಟೇ ನೋಡೋಣ.

ಮೊದಲು ಜವಾನರದ್ದು. ಸಿಪಾಯಿ, ನಾಯಕ್, ಹವಾಲ್ದಾರ್, ಆಮೇಲೆ ಜೆಸಿಒಗಳಾದ (ಜೂನಿಯರ್ ಕಮಿಷನ್ಡ್ ಆಫೀಸರ್) ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಪ್ರಮೋಷನ್ ಕೇಡರ್ ಅನ್ನುವ ಬಡ್ತಿ ತರಬೇತಿ ಪಾಸಾಗಬೇಕು, ಸೇನೆಯ ಶಿಕ್ಷಣ ಪ್ರಮಾಣಪತ್ರ ಇರಬೇಕು, ಮೈ ಗಟ್ಟಿ ಇರಬೇಕು, ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ, ಅಂದರೆ ದೊಡ್ಡ ಶಿಕ್ಷೆಯ ನಮೂದು ಅಡ್ಡ ಬರಬಾರದು. ಇಷ್ಟೆಲ್ಲ ಇದ್ದರೂ ಹುದ್ದೆ ಖಾಲಿ ಇರಬೇಕಲ್ವಾ? ಸೀನಿಯಾರಿಟಿ ಲೆಕ್ಕ ಹಾಕುವುದು ಅವರವರ ರೆಜಿಮೆಂಟ್, ಟ್ರೇಡ್‌ನ ಒಳಗೇ. ಹಾಗಾಗಿ ಒಂದೇ ದಿನ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಗೆ ಒಬ್ಬ, ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇನ್ನೊಬ್ಬ ಸೇರಿದ್ದರೂ ಹವಾಲ್ದಾರನ ಮೂರು ಪಟ್ಟಿ ಇಬ್ಬರ ತೋಳಿಗೂ ಒಟ್ಟಿಗೆ ಬರಬೇಕೆಂದಿಲ್ಲ. ಹುದ್ದೆ ಸಿಗದೆ ಹಾಗೇ ಉಳಿದವರಿಗೆ ಎಂಎಸಿಪಿ ಅನ್ನುವ ಸಂಬಳ ಏರಿಕೆಯ ಯೋಜನೆ ಇದೆ. 8, 16, 24 ವರ್ಷಕ್ಕೆ ಸಂಬಳದ ಹಂತ ಏರುತ್ತದೆ, ತೋಳಿನ ಪಟ್ಟಿ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಬೇಡಿ.

ಅಧಿಕಾರಿಗಳಿಗೆ ಮೊದಲರ್ಧ ಸಲೀಸು. ಲೆಫ್ಟಿನೆಂಟ್ ಆಗಿ ಸೇರಿದವರು 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ನಡುವೆ ಪಾರ್ಟ್ ಬಿ, ಪಾರ್ಟ್ ಡಿ ಪರೀಕ್ಷೆ ಪಾಸಾಗಬೇಕು. ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸು 2004ರಲ್ಲಿ ಜಾರಿಯಾದ ಮೇಲೆ ಬಂದ ಲೆಕ್ಕ ಇದು.

ನಿಜವಾದ ಜರಡಿ ಇರುವುದು ಕರ್ನಲ್ ಹುದ್ದೆಯಲ್ಲಿ. ಒಂದು ಪಟಾಲಮ್ಮಿಗೆ ಕಮಾಂಡಿಂಗ್ ಆಫೀಸರ್ ಒಬ್ಬರೇ ತಾನೇ? ನಂಬರ್ 3 ಸೆಲೆಕ್ಷನ್ ಬೋರ್ಡ್ ಒಂದೊಂದು ಬ್ಯಾಚ್ ಹಿಡಿದು ನೋಡುತ್ತದೆ. ಅಧಿಕಾರಿಯ ಹೆಸರು ಬೋರ್ಡಿನ ಸದಸ್ಯರಿಗೆ ಕಾಣುವುದಿಲ್ಲ. 100 ಅಂಕದಲ್ಲಿ 95 ಕಾಗದದ ಮೇಲಿನ ದಾಖಲೆಗೆ, ಸದಸ್ಯರ ಸ್ವಂತ ತೀರ್ಮಾನಕ್ಕೆ ಬರೀ 5. ದಾಖಲೆಯಲ್ಲಿ ದೊಡ್ಡ ಪಾಲು ವರ್ಷ ವರ್ಷ ಮೇಲಧಿಕಾರಿಗಳು ಬರೆದ ಎಸಿಆರ್, ಅಂದರೆ ವಾರ್ಷಿಕ ಗೌಪ್ಯ ವರದಿಯದ್ದು. ಪದಕಕ್ಕೂ ಸ್ವಲ್ಪ ಅಂಕ ಇದೆ. ಮೂರು ಸಲ ಅವಕಾಶ, ಮೂರರಲ್ಲೂ ಆಗದಿದ್ದರೆ ಆಯ್ಕೆಯ ದಾರಿ ಮುಚ್ಚಿತು. ಆಮೇಲೆ 26 ವರ್ಷ ಸೇವೆ ಆದಾಗ ಟೈಮ್ ಸ್ಕೇಲ್ ಕರ್ನಲ್ ಆಗಬಹುದು. ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1 ಬೋರ್ಡ್.

ಬಡ್ತಿ ವಿಚಾರ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ 1959ನ್ನು ನೆನೆಯಬೇಕು. ಆಗ ಸೇನಾ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬಡ್ತಿ ವಿಚಾರದಲ್ಲಿ ಕೈಹಾಕುತ್ತಿದ್ದಾರೆ ಅನ್ನುವ ಬೇಸರ ಅವರಿಗೆ. ಸೇನಾಧಿಕಾರಿ ಬಿ.ಎಂ. ಕೌಲ್ ಅವರ ಬಡ್ತಿಯೂ ಅದರಲ್ಲಿ ಸೇರಿತ್ತು. ತಿಮ್ಮಯ್ಯ ರಾಜೀನಾಮೆಯನ್ನೇ ಕೊಟ್ಟರು. ನೆಹರೂ ಒತ್ತಾಯದ ಮೇಲೆ ವಾಪಸ್ ಪಡೆದರು.

ಎಸಿಆರ್‌ಗೆ ಎಷ್ಟು ತೂಕ ಅನ್ನುವುದಕ್ಕೆ ಮಹಿಳಾ ಅಧಿಕಾರಿಗಳ ಪ್ರಕರಣ ಓದಿ. 2020ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಸೇವೆ), ಕಮಾಂಡ್ ಹುದ್ದೆ ಎರಡರ ಬಾಗಿಲನ್ನೂ ತೆರೆಯಿತು. 2023ರ ಜನವರಿಯಲ್ಲಿ ಅವರಿಗಾಗಿಯೇ 108 ಕರ್ನಲ್ ಹುದ್ದೆಗಳಿಗೆ ವಿಶೇಷ ನಂಬರ್ 3 ಬೋರ್ಡ್ ಕೂತಿತು. ಆದರೆ ಒಂದು ಹಂತದ ನಂತರದ ಎಸಿಆರ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಯ್ಕೆಯಾಗದವರು ಮತ್ತೆ ಕೋರ್ಟಿಗೆ ಹೋದರು. ಅದೇ ನವೆಂಬರ್‌ನಲ್ಲಿ ಕೋರ್ಟ್ ಇದು ಸರಿಯಲ್ಲ ಎಂದು ಹೇಳಿ, ಬೋರ್ಡನ್ನು ಹೊಸದಾಗಿ ಕೂರಿಸಲು ಆದೇಶಿಸಿತು.