ಓವರ್‌ಹಾಲ್ ಇಲ್ಲದ ಎಂಜಿನ್

ನಮ್ಮ ಬೀದಿಯಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದ ಕೈ. ನಾನು ಬಾಹ್ಯಾಕಾಶ ನೌಕೆ ದೂಡುವ ಅಯಾನ್ ಥ್ರಸ್ಟರ್ ಅನ್ನೋ ವಿದ್ಯುತ್ ಎಂಜಿನ್ನಿನ ಪರೀಕ್ಷೆ ಮಾಡುವವನು ಅಂತ ಗೊತ್ತಾದ ದಿನ ಹಾಲಿನ ಬೂತ್ ಮುಂದೆ ಕೇಳಿದರು: “ಎಷ್ಟು ಗಂಟೆಗೊಂದ್ಸಲ ಓವರ್‌ಹಾಲ್ ಮಾಡ್ತೀರಪ್ಪಾ?”

“ಓವರ್‌ಹಾಲೇ ಇಲ್ಲ ಸರ್. ಮೇಲೆ ಹೋದದ್ದು ಹೋಯ್ತು.”

ಮಾರನೇ ದಿನ, ಗುಜರಿಗೆ ಹಾಕಿದ್ದ ಒಂದು ಗ್ರಿಡ್ ತುಂಡು ತೋರಿಸಿದೆ. ಗ್ರಿಡ್ ಅಂದರೆ ಎಂಜಿನ್ನಿನ ಬಾಯಿಗೆ ಕೂರಿಸುವ ತೂತಿನ ತಟ್ಟೆ. ಸಣ್ಣ ಜರಡಿಯ ಹಾಗಿರುತ್ತದೆ. ಉಗುರಿನಿಂದ ಸವರಿ ನೋಡಿದರು. ಪ್ರತಿ ಮೂರು ತೂತುಗಳ ನಡುವೆ ಒಂದು ಗುಂಡಿ, ಗುಂಡಿಯಿಂದ ಗುಂಡಿಗೆ ತೋಡು. “ಮಾಲು ಒಳಗಿಂದ ಹೊರಗೆ ಹೋಗುತ್ತೆ ಅಂತೀರಿ. ಸವೆದಿರೋದು ಹೊರಗಡೆ ಮುಖ ಅಲ್ವೇನ್ರೀ?” ಅಂದರು. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಇದು ಹೊಳೆಯಲು ವಾರ ಬೇಕು.

ಈ ಎಂಜಿನ್ನಿನ ಬಲ ಅಂಗೈ ಮೇಲಿಟ್ಟ ಒಂದು ಹಾಳೆಯ ಭಾರದಷ್ಟು. ಅದಕ್ಕೇ ವರ್ಷಗಟ್ಟಲೆ ಓಡಬೇಕು. ಕ್ಸೆನಾನ್ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿ, ಎರಡು ಗ್ರಿಡ್‌ಗಳ ನಡುವೆ ಸಾವಿರಕ್ಕೂ ಜಾಸ್ತಿ ವೋಲ್ಟ್ ಕೊಟ್ಟು ಹೊರಗೆ ದೂಡುತ್ತೇವೆ. ತೂತಿಗೆ ತೂತು ಸರಿಯಾಗಿ ಕೂತಿದ್ದರೆ ಓಡುವ ಅಯಾನು ಹೊರಗಿನ ಗ್ರಿಡ್ಡನ್ನು ಸೋಕುವುದಿಲ್ಲ. ತೊಂದರೆಯೆಲ್ಲ ಸೋಮಾರಿಗಳದ್ದು. ಒಂದಿಷ್ಟು ಕ್ಸೆನಾನ್ ಅಯಾನಾಗದೆ ಸುಮ್ನೆ ಸೋರುತ್ತದೆ. ಪಕ್ಕದಲ್ಲೇ ಹಾರಿಹೋಗುವ ಅಯಾನು ಅದರ ಎಲೆಕ್ಟ್ರಾನ್ ಕಸಿದುಕೊಂಡರೆ, ಅಲ್ಲೇ ಒಂದು ನಿಧಾನದ ಅಯಾನು ಹುಟ್ಟುತ್ತದೆ. ಹೊರಗಿನ ಗ್ರಿಡ್ ಇರುವುದು ಋಣ ವೋಲ್ಟೇಜಿನಲ್ಲಿ. ಅದು ಈ ಅಯಾನನ್ನು ಹಿಂದಕ್ಕೆ ಸೆಳೆಯುತ್ತದೆ. ಬಂದು ಬಡಿದಾಗ ಲೋಹ ಚೂರುಚೂರೇ ಉದುರುತ್ತದೆ.

ಋಣ ವೋಲ್ಟೇಜ್ ಕಮ್ಮಿ ಮಾಡಿದರಾಯ್ತಲ್ಲ? ಆಗಲ್ಲ. ಹೊರಗಿನ ಎಲೆಕ್ಟ್ರಾನುಗಳು ಒಳಗೆ ನುಗ್ಗದಂತೆ ತಡೆಯುವುದು ಅದೇ. ತೂತು ಸವೆದು ಅಗಲವಾದಷ್ಟೂ ತಡೆಯಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು, ಆಗ ಏಟೂ ಜೋರಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

1998ರಲ್ಲಿ ಹಾರಿದ ಡೀಪ್ ಸ್ಪೇಸ್ 1 ನೌಕೆಯ ಎಂಜಿನ್ನಿಗೆ ಲೆಕ್ಕ ಹಾಕಿದ್ದು 8,000 ಗಂಟೆ. ಅದರ ಜೋಡಿಯನ್ನು ನಾಸಾದವರು ನೆಲದ ಮೇಲೆ 30,352 ಗಂಟೆ ಓಡಿಸಿದರು. ಬಿಚ್ಚಿ ನೋಡಿದರೆ, ಎಲೆಕ್ಟ್ರಾನ್ ಉಗುಳುವ ಕ್ಯಾಥೋಡ್ ಮುಂದೆ ಅದನ್ನು ಕಾಯುವ ಕೀಪರ್ ತಟ್ಟೆಯೇ ಮಾಯ! ಮುಂದಿನ ಮಾದರಿ ನೆಕ್ಸ್ಟ್‌ನಲ್ಲಿ ಕೀಪರನ್ನು ಗ್ರಾಫೈಟಿನಲ್ಲಿ ಮಾಡಿದರು. ಅದು 51,000 ಗಂಟೆ ದಾಟಿತು.

ಇಸ್ರೋ 2025ರಲ್ಲಿ 1,000 ಗಂಟೆ ಓಡಿಸಿದ 300 ಮಿಲಿನ್ಯೂಟನ್ ಥ್ರಸ್ಟರ್ ಬೇರೆ ಜಾತಿಯದು. ಅದಕ್ಕೆ ಗ್ರಿಡ್ ಇಲ್ಲ, ಸವೆಯುವುದು ಒಳಗಿನ ಗೋಡೆ.

ಇನ್ನು ನಮ್ಮ ಪಾಡು. ಈ ಪರೀಕ್ಷೆಯಲ್ಲಿ ಅವಸರ ನಡೆಯುವುದಿಲ್ಲ. ಬೀಮ್, ಅಂದರೆ ಹೊರಗೆ ಹಾರುವ ಅಯಾನುಗಳ ಧಾರೆ, ಹೆಚ್ಚಿಸಿದರೆ ಸವೆತದ ರೀತಿಯೇ ಬದಲಾಗುತ್ತದೆ. ಎಂಜಿನ್ ಓಡುವುದು ಗಾಳಿ ತೆಗೆದ ಚೇಂಬರಿನೊಳಗೆ. ಮಧ್ಯೆ ಕರೆಂಟ್ ಹೋಗಿ ಪಂಪ್ ನಿಂತರೆ ಚೇಂಬರ್ ಮತ್ತೆ ಖಾಲಿ ಮಾಡಿ, ಕ್ಯಾಥೋಡ್ ನಿಧಾನಕ್ಕೆ ಕಾಯಿಸಿ, ಮೊದಲಿಂದ ಶುರು. ಮಳೆಗಾಲದ ಸಂಜೆ ಗುಡುಗಿದರೆ ನನ್ನ ಕಣ್ಣು ಯುಪಿಎಸ್ ಮೇಲೆ.

ಅದಕ್ಕಿಂತ ದೊಡ್ಡ ತಲೆನೋವು ಚೇಂಬರಿನದೇ. ಅಲ್ಲಿ ಉಳಿದ ಅನಿಲ ಸೋಮಾರಿ ಅಯಾನುಗಳನ್ನು ಹೆಚ್ಚಿಸುತ್ತದೆ, ಸವೆತ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಬೀಮ್ ಬಡಿಯುವ ಗೋಡೆಗೆ ಗ್ರಾಫೈಟ್ ಹೊದಿಸಿರುತ್ತೇವೆ. ಅದರ ಕಾರ್ಬನ್ ಹಾರಿ ಬಂದು ಗುಂಡಿಯಲ್ಲೇ ಕೂರುತ್ತದೆ, ಸವೆತ ಕಮ್ಮಿ ಕಾಣುತ್ತದೆ. ಮೊದಲನೆಯದು ಸುಮ್ನೆ ಹೆದರಿಸುತ್ತದೆ ಅಷ್ಟೆ. ನನಗೆ ಭಯ ಎರಡನೆಯದರದ್ದು. ಚೇಂಬರ್ ತೆರೆದಾಗಲೆಲ್ಲ ಮೊದಲು ಕಾರ್ಬನ್ ಪದರದ ದಪ್ಪ ಅಳೆಯುತ್ತೇವೆ, ಗುಂಡಿಯ ಆಳ ಆಮೇಲೆ.